ಡೇಕೇರಿನಲ್ಲಿ ಮಗುವಿಗೆ ಹೊಟ್ಟೆ ಕೆಟ್ಟರೆ: ಮೊದಲ ವಾಂತಿಯಿಂದ ಮರಳಿ ಬರುವ ದಿನದವರೆಗೆ

ಮಧ್ಯಾಹ್ನ ಹನ್ನೆರಡೂವರೆ. ಊಟ ಮುಗಿದು ಹಾಸಿಗೆ ಹಾಸುವ ಹೊತ್ತು. ಎರಡು ವರ್ಷದ ಹುಡುಗ ಬ್ಲಾಕ್ಸ್ ಬಿಟ್ಟು ಎದ್ದ. ನನ್ನ ಕಡೆ ನೋಡಿದ. ಬಾಯಲ್ಲಿ ನೀರೂರಿದ ಹಾಗೆ ಎರಡು ಸಲ ನುಂಗಿದ. ನಾನು ಏಳುವಷ್ಟರಲ್ಲಿ ಅನ್ನ, ಕ್ಯಾರೆಟ್ ಚೂರು, ಬೆಳಗಿನ ಹಾಲು ಎಲ್ಲ ಫೋಮ್ ಮ್ಯಾಟ್ ಮೇಲೆ. ಪಕ್ಕದಲ್ಲಿ ಕೂತಿದ್ದ ಒಂದೂವರೆ ವರ್ಷದ ಪುಟ್ಟಿ ಇದೇನೋ ಹೊಸ ಆಟ ಅಂತ ಅದಕ್ಕೆ ಕೈ ಹಾಕಿದಳು. ಹುಡುಗನ ಅಮ್ಮ ಬೆಳ್ಳಂದೂರಿನ ಆಫೀಸಿನಲ್ಲಿ, ಅಪ್ಪ ವೈಟ್‌ಫೀಲ್ಡಿನಲ್ಲಿ. ನಮ್ಮ ಮನೆ ಬನಶಂಕರಿಯಲ್ಲಿ.

ಬೆಂಗಳೂರಿನಲ್ಲಿ ಮನೆಯಲ್ಲೇ ಡೇಕೇರ್ ನಡೆಸುವವರು ಮೊದಲು ಈ ದೂರದ ಲೆಕ್ಕ ಹಾಕಿಕೊಳ್ಳಬೇಕು. ಫೋನ್ ಮಾಡಿ "ಬನ್ನಿ" ಅಂದ ಮೇಲೂ ಮಗು ಒಂದೂವರೆ, ಎರಡು ಗಂಟೆ ನಮ್ಮ ಮಡಿಲಲ್ಲೇ ಇರುತ್ತದೆ. ಮಳೆ ಬಂದರೆ ಮೂರು.

ಅವತ್ತು ನಾನು ಮಾಡಿದ್ದು ಏನು ಗೊತ್ತಾ? ಒದ್ದೆ ಬಟ್ಟೆಯಲ್ಲಿ ಮ್ಯಾಟ್ ಒರೆಸಿದೆ, ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕಿದೆ, ಅಷ್ಟೇ. ಆ ವಾರ ಏಳು ಮಕ್ಕಳಲ್ಲಿ ಐವರಿಗೆ ವಾಂತಿ ಭೇದಿ. ನಡುವೆ ನನಗೂ.

ಆಮೇಲೆ ಕಲಿತದ್ದು ಇದು. ಯಾವ ರೋಗ ಅಂತ ಕಂಡುಹಿಡಿಯುವುದು ಡಾಕ್ಟರ್ ಕೆಲಸ. ನಮಗಿರುವುದು ಮೂರೇ: ಮಗು ಒಣಗದಂತೆ ಗುಟುಕು ಗುಟುಕಾಗಿ ಕುಡಿಸುವುದು, ಅಪಾಯದ ಲಕ್ಷಣ ಕಂಡರೆ ಕಾಯದೆ ಹೊರಡುವುದು, ಮಿಕ್ಕ ಮಕ್ಕಳಿಗೆ ಅಂಟದಂತೆ ನೋಡಿಕೊಳ್ಳುವುದು.

ಹಂತ 1: ಮಗು ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳುವ ಕೆಲಸ

ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಅದರಲ್ಲಿ ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆ ಪುಡಿ) ಪೊಟ್ಟಣ, 1 ಲೀಟರ್ ಗುರುತಿರುವ ಬಾಟಲಿ, ಚಮಚ, ಸೂಜಿ ಇಲ್ಲದ 5 ಎಂ.ಎಲ್. ಸಿರಿಂಜು, ಥರ್ಮಾಮೀಟರ್, ಬಿಸಾಡುವ ಗ್ಲೌಸ್, ಮಾಸ್ಕ್, ಹಳೇ ನ್ಯೂಸ್‌ಪೇಪರ್, ದಪ್ಪ ಪ್ಲಾಸ್ಟಿಕ್ ಕವರ್, ಒಂದು ನೋಟ್‌ಬುಕ್ ಇರಲಿ. ಬ್ಲೀಚ್ ದ್ರಾವಣದ ಬಾಟಲಿ ಮಾತ್ರ ಬೇರೆ ಕಡೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಮೆಡಿಕಲ್ ಶಾಪ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಅಂತ ಕೇಳಿದರೆ ಕೊಡುತ್ತಾರೆ.

ಮಗುವನ್ನು ಸೇರಿಸಿಕೊಳ್ಳುವಾಗಲೇ ಎರಡು ಕಾಗದ ತೆಗೆದುಕೊಳ್ಳಿ. ಒಂದು, ತಾಯಿ ಕಾರ್ಡಿನ ಲಸಿಕೆ ಪುಟದ ಜೆರಾಕ್ಸ್. ಮಕ್ಕಳ ಭೇದಿಗೆ ದೊಡ್ಡ ಕಾರಣಗಳಲ್ಲಿ ಒಂದಾದ ರೋಟಾ ವೈರಸ್‌ಗೆ ಸರ್ಕಾರವೇ 6, 10, 14ನೇ ವಾರದಲ್ಲಿ ಬಾಯಿ ಹನಿ ಹಾಕುತ್ತದೆ. ಅದು ಆಗಿದೆಯಾ ನೋಡಿ. ಇನ್ನೊಂದು, "ತುರ್ತು ಇದ್ದರೆ ನಾವು ಬರುವ ಮುಂಚೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಅಂತ ಬರೆದು ಸಹಿ ಮಾಡಿದ ಪತ್ರ. ಅದರ ಜೊತೆ ಅರ್ಧ ಗಂಟೆಯೊಳಗೆ ಬರಬಲ್ಲ ಮೂರನೆಯವರೊಬ್ಬರ ನಂಬರ್. ಅಜ್ಜಿ, ಚಿಕ್ಕಪ್ಪ, ಮೇಲಿನ ಮನೆಯವರು, ಯಾರಾದರೂ ಸರಿ.

ರಾತ್ರಿಯೂ ಮಕ್ಕಳನ್ನು ನೋಡುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಅಂತ ಮೊದಲೇ ಒಂದು ಸಲ ಹೋಗಿ ನೋಡಿ ಬನ್ನಿ. ದೊಡ್ಡ ಸರ್ಕಾರಿ ಆಸರೆಗೆ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿವಿಲಾಸ ಇವೆ.

ಹಂತ 2: ನಿಜಕ್ಕೂ ಹೊಟ್ಟೆ ಕೆಟ್ಟಿದೆಯಾ?

ಮಕ್ಕಳು ಸುಮ್ನೆ ವಾಂತಿ ಮಾಡುವುದೂ ಉಂಟು. ಕೆಮ್ಮಿ ಕೆಮ್ಮಿ ಕಫದ ಜೊತೆ ಹಾಲು ಬರಬಹುದು. ಅಮ್ಮ ಬಿಟ್ಟು ಹೋದರೆಂದು ಅತ್ತೂ ಅತ್ತೂ ಕಕ್ಕುವ ಮಕ್ಕಳಿದ್ದಾರೆ. ಬಾಯಲ್ಲಿ ಅನ್ನ ತುರುಕಿದರೆ ಕಕ್ಕದೆ ಇನ್ನೇನು ಮಾಡೀತು? ಹೀಗೆ ಒಂದು ಸಲ ಆಗಿ, ಹತ್ತು ನಿಮಿಷದಲ್ಲಿ ಮಗು ಮತ್ತೆ ಕುಣಿಯುತ್ತಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಎರಡನೇ ಸಲ ಆದರೆ ಅಥವಾ ವಾಂತಿಯ ಜೊತೆ ಭೇದಿ, ಜ್ವರ, ಮಂಕುತನ ಯಾವುದಾದರೂ ಇದ್ದರೆ ಅಂಟುವ ರೋಗ ಅಂತಲೇ ಹಿಡಿಯಿರಿ.

ಭೇದಿಗೆ ಲೆಕ್ಕ ಇದೆ: 24 ಗಂಟೆಯಲ್ಲಿ ಮೂರು ಅಥವಾ ಜಾಸ್ತಿ ಸಲ ನೀರು ನೀರಾಗಿ ಹೋಗುವುದು. ಹಾಗಂತ ಡೇಕೇರಿನಲ್ಲಿ ಮೂರನೆಯದಕ್ಕೆ ಕಾಯಬೇಡಿ. ಡೈಪರ್ ದಾಟಿ ಹರಿದರೆ ಒಂದೇ ಸಾಕು.

ಬಣ್ಣ ನೋಡಿ ಹೆದರುವ ಮುಂಚೆ ಹಿಂದಿನ ದಿನದ ಊಟ ಕೇಳಿ. ಒಮ್ಮೆ ಡೈಪರ್ ಕೆಂಪಗಿದ್ದದ್ದು ನೋಡಿ ನಾನು ನಡುಗುವ ಕೈಯಲ್ಲಿ ಫೋನ್ ಮಾಡಿದೆ. "ರಾತ್ರಿ ಬೀಟ್‌ರೂಟ್ ಪಲ್ಯ ಕೊಟ್ಟಿದ್ದೆ ಆಂಟಿ" ಅಂದಳು ಅವನಮ್ಮ. ಕಬ್ಬಿಣದ ಹನಿ ಕುಡಿಯುವ ಮಗುವಿನದು ಕಪ್ಪಗೆ ಹೋಗುತ್ತದೆ. ಇವೆಲ್ಲ ಅಲ್ಲ ಅಂತ ಖಾತ್ರಿಯಾದ ಮೇಲೂ ಕೆಂಪು ಇದ್ದರೆ ಅದು ರಕ್ತವೇ.

"ಹಲ್ಲು ಬರ್ತಿದೆ, ಅದಕ್ಕೇ ಲೂಸ್ ಆಗ್ತಿದೆ" ಅನ್ನುವ ಮಾತನ್ನು ನಂಬಿ ಕೂರಬೇಡಿ. ಹಲ್ಲು ಬರುವ ಮಗು ಕಂಡದ್ದೆಲ್ಲ ಬಾಯಿಗೆ ಹಾಕುತ್ತದೆ. ರೋಗ ಬರುವುದು ಆ ದಾರಿಯಲ್ಲೇ.

ಹಂತ 3: ಮೊದಲ ಹತ್ತು ನಿಮಿಷ

ಒರೆಸುವುದಕ್ಕೆ ಹೋಗಬೇಡಿ. ಮೊದಲು ಮಿಕ್ಕ ಮಕ್ಕಳನ್ನು ಆ ಕೋಣೆಯಿಂದ ಆಚೆ ಕಳಿಸಿ, ಕಿಟಕಿ ತೆಗೆಯಿರಿ. ವಾಂತಿ ಕಣ್ಣಿಗೆ ಕಾಣುವುದಕ್ಕಿಂತ ದೂರ ಚಿಮ್ಮಿರುತ್ತದೆ. ವಾಂತಿ ಭೇದಿ ತರುವ ನೋರೋ ವೈರಸ್ ಆಗಿದ್ದರೆ ಕಣ್ಣಿಗೆ ಕಾಣದಷ್ಟು ಸಾಕು ಇನ್ನೊಬ್ಬರಿಗೆ ಅಂಟುವುದಕ್ಕೆ.

ಮಗುವನ್ನು ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ ಹಿಡಿಯಿರಿ. ಮಲಗಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಅಂಗಾತ ಮಲಗಿಸಬಾರದು, ವಾಂತಿ ಶ್ವಾಸಕ್ಕೆ ಹೋದೀತು. ಬಾಯಿ ಒರೆಸಿ, ಬಟ್ಟೆ ಬದಲಿಸಿ. ಗದರಬೇಡಿ. ಪಾಪ, ಅವಕ್ಕೇ ಗಾಬರಿಯಾಗಿರುತ್ತದೆ. "ಏನಾಗಲ್ಲ ಕಂದ, ಹೊಟ್ಟೆಗೆ ಇಷ್ಟ ಆಗ್ಲಿಲ್ಲ, ಆಚೆ ಹಾಕ್ತು" ಅಂದರೆ ನಮ್ಮಲ್ಲಿ ಅರ್ಧ ಅಳು ನಿಲ್ಲುತ್ತದೆ.

ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು ಹುಷಾರಿಲ್ಲದ ಮಗುವಿಗೆ, ಇನ್ನೊಬ್ಬರು ಮಿಕ್ಕವರಿಗೆ. ಡೈಪರ್ ಬದಲಿಸಿದ ಕೈ ಆ ದಿನ ಅಡುಗೆಮನೆಗೆ ಹೋಗಬಾರದು. ನಮ್ಮಲ್ಲಿ ಸಹಾಯಕ್ಕೆ ಬರುವ ಅಕ್ಕ ಮಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ನಾನು ಮಗುವಿನ ಜೊತೆ ಸಣ್ಣ ಕೋಣೆಗೆ ಹೋಗುತ್ತೇನೆ. ಒಬ್ಬರೇ ಇದ್ದರೆ ಪಕ್ಕದ ಮನೆಯವರನ್ನು ಕರೆಯಿರಿ, ಸಂಕೋಚ ಬೇಡ.

ಹಂತ 4: ಕುಡಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಜನ ತಪ್ಪುವುದೂ ಇಲ್ಲೇ ಜಾಸ್ತಿ.

ವಾಂತಿಯಾದ ಮೇಲೆ ಹತ್ತು ನಿಮಿಷ ಹೊಟ್ಟೆಗೆ ಬಿಡುವು ಕೊಡಿ. ಆಮೇಲೆ ಓಆರ್‌ಎಸ್. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ. ದೊಡ್ಡ ಪೊಟ್ಟಣ 1 ಲೀಟರ್‌ಗೆ, ಸಣ್ಣದು 200 ಎಂ.ಎಲ್.ಗೆ. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಒಮ್ಮೆಗೇ ಹಾಕಿ ಕಲಕಿ. ಒಂದು ಲೋಟಕ್ಕೆ ಅಂದಾಜಿನಲ್ಲಿ ಒಂದಿಷ್ಟು ಸುರಿಯುವುದು ಅಪಾಯ. ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ, ತೆಳುವಾದರೆ ಉಪಯೋಗವಿಲ್ಲ. ರುಚಿಗೆ ಸಕ್ಕರೆ ಸೇರಿಸಬೇಡಿ, ಕಲಸಿದ್ದನ್ನು ಮತ್ತೆ ಬಿಸಿ ಮಾಡಬೇಡಿ. 24 ಗಂಟೆಯಾದ ಮೇಲೆ ಚೆಲ್ಲಿ.

ಕೊಡುವ ರೀತಿ: ಎರಡು ನಿಮಿಷಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಎಂ.ಎಲ್. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಲೆಕ್ಕ ಹಾಕಿ, ಗಂಟೆಗೆ 150 ಎಂ.ಎಲ್. ಆಯಿತು. ಬಾಯಾರಿದ ಮಗು ಲೋಟ ಕಿತ್ತುಕೊಂಡು ಗಟಗಟ ಕುಡಿಯಲು ನೋಡುತ್ತದೆ. ಕೊಟ್ಟರೆ ಐದು ನಿಮಿಷದಲ್ಲಿ ಅಷ್ಟೂ ವಾಪಸ್ ನೆಲಕ್ಕೆ. ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ಬಿಟ್ಟರೆ ಹಠಮಾರಿಗಳೂ ನುಂಗುತ್ತಾರೆ. ನಮ್ಮತ್ತೆಯ ಕಾಲದ ಹಿತ್ತಾಳೆ ಒಳಲೆ ಇನ್ನೂ ಮನೆಯಲ್ಲಿದೆ. ಚಮಚ ಕಂಡರೆ ಬಾಯಿ ಬಿಗಿಯುತ್ತಿದ್ದ ಒಂದು ಹುಡುಗಿಗೆ ಒಮ್ಮೆ ಅದೇ ಆಕಾರದ ಸ್ಟೀಲಿನ ಒಳಲೆ ತಂದು ಕೊಟ್ಟೆ. ಅದರ ಮೂತಿ ನೋಡಿ ನಕ್ಕು ಬಾಯಿ ತೆರೆದಳು.

ಮತ್ತೆ ವಾಂತಿಯಾದರೆ ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ ಶುರು ಮಾಡಿ. ವಾಂತಿ ನಿಂತ ಮೇಲೆ, ಪ್ರತಿ ಭೇದಿಗೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಎಂ.ಎಲ್., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಎಂ.ಎಲ್. ಲೆಕ್ಕ.

ಈ ಉಪ್ಪು ಸಕ್ಕರೆ ನೀರಿನಲ್ಲಿ ಏನು ಮಹಾ ಇದೆ ಅಂತ ಕೇಳುವವರಿದ್ದಾರೆ. ಭೇದಿಯಲ್ಲೂ ಕರುಳು ಗ್ಲೂಕೋಸ್ ಜೊತೆ ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಒಳಗೆ ಹೋಗುತ್ತದೆ. ಅದಕ್ಕೆ ಎರಡೂ ಸರಿಯಾದ ಅಳತೆಯಲ್ಲಿರಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನೊಬಿಸ್ ಇದನ್ನೇ ಕುಡಿಸಿ ಜನರನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಸಕ್ಕರೆ ಜಾಸ್ತಿಯಾದರೆ ಇದೇ ಲೆಕ್ಕ ತಿರುಗಿಬೀಳುತ್ತದೆ, ಕರುಳಿಗೆ ನೀರು ಎಳೆದು ಭೇದಿ ಹೆಚ್ಚುತ್ತದೆ. ಗ್ಲೂಕೋಸ್ ಪುಡಿ, ಪ್ಯಾಕೆಟ್ ಜ್ಯೂಸ್, ಸೋಡಾ ಕೊಡಬಾರದು ಅನ್ನುವುದು ಅದಕ್ಕೇ. ಹಣ್ಣಿನ ರುಚಿಯ ಸಿಹಿ ಪಾನೀಯಗಳ ಮೇಲೂ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಇದೆಯಾ ಓದಿಯೇ ಕೊಳ್ಳಿ. ಎಳನೀರು ಕೆಟ್ಟದ್ದಲ್ಲ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಜಾಗಕ್ಕೆ ಬರುವುದಿಲ್ಲ. ಪೊಟ್ಟಣವೇ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಸಮ ಮಾಡಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಎದೆಹಾಲು ಕುಡಿಯುವ ಮಗುವಿಗೆ ಅಮ್ಮ ಬಂದ ಕೂಡಲೇ ಕುಡಿಸಲಿ. ಹಸಿವು ಅಂದರೆ ಊಟವನ್ನೂ ಕೊಡಿ: ಅಕ್ಕಿ ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು, ಇಡ್ಲಿ. "ಹೊಟ್ಟೆ ಖಾಲಿ ಇದ್ರೆ ಸರಿಹೋಗುತ್ತೆ" ಅಂತ ಉಪವಾಸ ಕೆಡವಬೇಡಿ. ಬಲವಂತವೂ ಬೇಡ.

ಔಷಧಿಯ ವಿಷಯಕ್ಕೆ ನಾನು ಕಟ್ಟುನಿಟ್ಟು. ದೊಡ್ಡವರು ಭೇದಿ ನಿಲ್ಲಿಸಲು ನುಂಗುವ ಮಾತ್ರೆ ಮಕ್ಕಳಿಗೆ ಕೂಡದು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೂಡದು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಅವರವರ ಮನೆಯ ವಿಚಾರ, ನನ್ನ ಡೇಕೇರಿನಲ್ಲಿ ಇಲ್ಲ. ಜ್ವರದ ಪ್ಯಾರಾಸಿಟಮಾಲ್ ಕೂಡ ಅಪ್ಪ ಅಮ್ಮ ಹೇಳಿದ ಮೇಲೆ, ಅವರ ಡಾಕ್ಟರ್ ಬರೆದ ಅಳತೆಯಲ್ಲೇ. ಹನಿಯ ಬಾಟಲಿಗೂ ಸಿರಪ್ ಬಾಟಲಿಗೂ ಮದ್ದಿನ ಪ್ರಮಾಣ ತುಂಬಾ ಬೇರೆ ಇರುತ್ತದೆ. ಭೇದಿಗೆ ಡಾಕ್ಟರ್ ಸಾಮಾನ್ಯವಾಗಿ 14 ದಿನ ಜಿಂಕ್ ಬರೆಯುತ್ತಾರೆ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬೇಡಿ ಅಂತ ಮನೆಯವರಿಗೆ ನೆನಪಿಸಿ.

ನಮ್ಮತ್ತೆ ಇಂಥ ಹೊತ್ತಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬರುತ್ತಾರೆ. ತೆಗೆಯಲಿ. ಹೊಗೆ ಮಾತ್ರ ಹಿತ್ತಲಲ್ಲಿ. ಚಮಚ ನಿಲ್ಲಬಾರದು ಅಷ್ಟೇ.

ಹಂತ 5: ಯಾವಾಗ ಕಾಯಬಾರದು

ಇವುಗಳಲ್ಲಿ ಒಂದು ಕಂಡರೂ ಅಪ್ಪ ಅಮ್ಮ ಬರಲಿ ಅಂತ ಕೂರದೆ ಆಸ್ಪತ್ರೆಗೆ ಹೊರಡಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಅಪ್ಪ ಅಮ್ಮ ನೇರ ಆಸ್ಪತ್ರೆಗೇ ಬರಲಿ.

- ಕರೆದರೆ ಸರಿಯಾಗಿ ಕಣ್ಣು ಬಿಡುವುದಿಲ್ಲ, ಬಟ್ಟೆಯ ಹಾಗೆ ಜೋತುಬಿದ್ದಿದೆ
- ಆರರಿಂದ ಎಂಟು ಗಂಟೆ ಉಚ್ಚೆ ಹೊಯ್ದಿಲ್ಲ
- ಕಣ್ಣು ಗುಳಿ ಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ನಾಲಿಗೆ ಒಣಗಿದೆ
- ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಸಮವಾಗುವುದಿಲ್ಲ
- ವಾಂತಿ ಕಡು ಹಸಿರಾಗಿದೆ, ಅಥವಾ ವಾಂತಿಯಲ್ಲೋ ಕಕ್ಕದಲ್ಲೋ ರಕ್ತ ಇದೆ
- ಚಮಚದಷ್ಟೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ
- ಜ್ವರ 102 ದಾಟಿದೆ, ಅಥವಾ ಕುತ್ತಿಗೆ ಬಿಗಿದಿದೆ, ಫಿಟ್ಸ್ ಬಂದಿದೆ
- ಬಿದ್ದು ತಲೆಗೆ ಪೆಟ್ಟಾದ ಮೇಲೆ ವಾಂತಿ ಶುರುವಾಗಿದೆ

ಇನ್ನೊಂದನ್ನು ಬಿಡಿಸಿ ಹೇಳಬೇಕು. ಮಗು ಇದ್ದಕ್ಕಿದ್ದಂತೆ ಕಾಲು ಹೊಟ್ಟೆಗೆ ಎಳೆದುಕೊಂಡು ಕಿರುಚುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಕಿರುಚುತ್ತದೆ. ಇದು ಕರುಳು ಕರುಳಿನೊಳಗೆ ಸಿಕ್ಕಿಕೊಂಡಿದ್ದರೂ ಆಗುವ ನೋವು. ಬರೀ ಹೊಟ್ಟೆನೋವು ಅಂತ ಇಂಗು ಹಚ್ಚಿ ಕೂರಬೇಡಿ. ಇದಕ್ಕೆ ಹೊತ್ತು ಬಹಳ ಮುಖ್ಯ.

ಡೈಪರ್ ಹಾಕಿದ ಮಗುವಿನಲ್ಲಿ ಉಚ್ಚೆ ಯಾವುದು ಭೇದಿ ಯಾವುದು ಗೊತ್ತಾಗುವುದಿಲ್ಲ. ಡೈಪರ್ ಮುಂಭಾಗಕ್ಕೆ ಒಂದು ಟಿಶ್ಯೂ ಮಡಿಸಿಟ್ಟು ನೋಡಿ, ಒದ್ದೆಯಾಯಿತೇ ಅಂತ ತಿಳಿಯುತ್ತದೆ.

ಹಂತ 6: ಫೋನ್, ಮತ್ತು ನೋಟ್‌ಬುಕ್

ವಾಟ್ಸಾಪ್ ಬೇಡ, ಫೋನೇ ಮಾಡಿ. ಮೀಟಿಂಗಿನಲ್ಲಿದ್ದವರು ಮೆಸೇಜ್ ನೋಡುವುದು ಮೂರು ಗಂಟೆಗೆ. ನಾನು ಹೇಳುವುದು ಹೀಗೆ: "ಗಾಬರಿ ಬೇಡಮ್ಮ. ಪಾಪು ಹನ್ನೆರಡೂವರೆಗೆ ಒಂದ್ಸಲ ಜಾಸ್ತಿನೇ ವಾಂತಿ ಮಾಡ್ಕೊಂಡ. ಈಗ ಮಡಿಲಲ್ಲಿ ಕೂತಿದ್ದಾನೆ, ಓಆರ್‌ಎಸ್ ಶುರು ಮಾಡಿದೀನಿ. ನೀವು ಹೊರಡಿ. ಬೆಳಿಗ್ಗೆ ಏನ್ ತಿಂದ? ಮನೇಲಿ ಇನ್ಯಾರಿಗಾದ್ರೂ ಹುಷಾರಿಲ್ವಾ?" ಕೊನೆಯ ಪ್ರಶ್ನೆಗೆ ಎಷ್ಟೋ ಸಲ ಒಂದು ಮೌನ ಬರುತ್ತದೆ. ಆಮೇಲೆ "ರಾತ್ರಿ ಒಂದ್ಸಲ ಆಗಿತ್ತು ಆಂಟಿ, ಬೆಳಿಗ್ಗೆ ಸರಿ ಇದ್ದ, ಅದಕ್ಕೇ..." ಅನ್ನುತ್ತಾರೆ. ಸಿಟ್ಟು ಬರುತ್ತದೆ ನಿಜ. ಆದರೆ ಅವರ ರಜೆ ಮುಗಿದಿರುತ್ತದೆ ಅನ್ನುವುದೂ ನಿಜ. ಆ ಜಗಳ ಫೋನಿನಲ್ಲಿ ಬೇಡ.

ನೋಟ್‌ಬುಕ್ಕಿನ ಪುಟ ಹೀಗಿರಲಿ:

12:35 – ವಾಂತಿ, ಊಟ ಪೂರ್ತಿ. ಹಸಿರಿಲ್ಲ, ರಕ್ತ ಇಲ್ಲ.
12:50 – ಓಆರ್‌ಎಸ್ ಶುರು, ಚಮಚದಲ್ಲಿ.
1:20 – ಒಟ್ಟು 60 ಎಂ.ಎಲ್. ಹೋಗಿದೆ.
1:25 – ವಾಂತಿ, ಬರೀ ನೀರು. 1:35ಕ್ಕೆ ಮತ್ತೆ ಶುರು.
1:50 – ಉಚ್ಚೆ ಹೊಯ್ದಿದ್ದಾನೆ. ಜ್ವರ 99.4.

ಅಮ್ಮ ಬಂದಾಗ ಇದರ ಫೋಟೋ ತೆಗೆದುಕೊಂಡು ಹೋಗಲಿ. ಡಾಕ್ಟರ್ ಕೇಳುವ ಮೊದಲ ಐದು ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

ಸಂಜೆ ಮಿಕ್ಕ ಮನೆಗಳಿಗೂ ತಿಳಿಸಿ, ಮಗುವಿನ ಹೆಸರು ಹೇಳದೆ: "ಇವತ್ತು ಒಂದು ಮಗುವಿಗೆ ವಾಂತಿ ಆಗಿದೆ. ಎರಡು ಮೂರು ದಿನ ನಿಮ್ಮ ಮಗುವನ್ನು ಗಮನಿಸಿ. ವಾಂತಿ, ಭೇದಿ ಕಂಡರೆ ಕಳಿಸಬೇಡಿ, ನನಗೆ ಫೋನ್ ಮಾಡಿ." ಮುಚ್ಚಿಟ್ಟರೆ ಮೂರನೇ ದಿನ ಹೇಗೂ ಗೊತ್ತಾಗುತ್ತದೆ, ಆಗ ಮುಖ ತೋರಿಸುವುದು ಕಷ್ಟ.

ಹಂತ 7: ಒರೆಸುವುದು

ನನ್ನ ಮೊದಲ ತಪ್ಪು ಸ್ಯಾನಿಟೈಸರ್. ನೋರೋ ವೈರಸ್‌ಗೆ ಅದು ಸರಿಯಾಗಿ ನಾಟುವುದಿಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡ್. ನಮ್ಮಲ್ಲಿ ಮಕ್ಕಳು ಜೋರಾಗಿ ಇಪ್ಪತ್ತು ಎಣಿಸುತ್ತಾರೆ. ಹನ್ನೆರಡಾದ ಮೇಲೆ ಹದಿನೆಂಟಕ್ಕೆ ಹಾರುತ್ತಾರೆ, ಮತ್ತೆ ಎಣಿಸಬೇಕಾಗುತ್ತದೆ.

ಎರಡನೇ ತಪ್ಪು ಒದ್ದೆ ಬಟ್ಟೆ. ಗ್ಲೌಸ್, ಮಾಸ್ಕ್ ಹಾಕಿಕೊಂಡು ವಾಂತಿಯ ಮೇಲೆ ನ್ಯೂಸ್‌ಪೇಪರ್ ಹಾಸಿ, ಅದು ಹೀರಿಕೊಳ್ಳಲಿ. ಹೊರಗಿನಿಂದ ಒಳಕ್ಕೆ ಬಳಿದು ಕವರಿಗೆ ಹಾಕಿ ಕಟ್ಟಿ. ಆಮೇಲೆ ಸೋಪಿನ ನೀರಿನಲ್ಲಿ ಒರೆಸಿ. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗುತ್ತದೆ, ಅದಕ್ಕೇ ಸೋಪು ಮೊದಲು. ಕೊನೆಗೆ ಬ್ಲೀಚ್: ಬಾಟಲಿಯ ಮೇಲೆ 5 ಪರ್ಸೆಂಟ್ ಅಂತ ಇದ್ದರೆ, ವಾಂತಿ ಬಿದ್ದ ನೆಲ, ಬಾತ್‌ರೂಮಿಗೆ 1 ಲೀಟರ್ ನೀರಿಗೆ 100 ಎಂ.ಎಲ್. ಆಟಿಕೆ, ಬಾಗಿಲ ಹಿಡಿ, ಸ್ವಿಚ್ಚು, ನಲ್ಲಿಗೆ 1 ಲೀಟರ್‌ಗೆ 20 ಎಂ.ಎಲ್. ಸಾಕು. 10 ಪರ್ಸೆಂಟ್ ಬಾಟಲಿಯಾದರೆ ಅಳತೆ ಅರ್ಧ ಮಾಡಿ. ಹತ್ತು ನಿಮಿಷ ಒದ್ದೆಯಾಗೇ ಬಿಟ್ಟು ಒರೆಸಿ. ಬಾಯಿಗೆ ಹೋಗುವ ಆಟಿಕೆಯನ್ನು ಚೆನ್ನಾಗಿ ನೀರಲ್ಲಿ ತೊಳೆದು ಒಣಗಿಸಿ. ದ್ರಾವಣ ದಿನಾ ಹೊಸದು.

ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್, ಆಸಿಡ್ ಸೇರಿಸಿದರೆ ವಿಷದ ಕ್ಲೋರಿನ್ ಗಾಳಿ ಹೊರಡುತ್ತದೆ. "ಎರಡೂ ಹಾಕಿದ್ರೆ ಇನ್ನೂ ಕ್ಲೀನ್" ಅನ್ನುವವರಿಗೆ ಇದನ್ನು ಒತ್ತಿ ಹೇಳಿ. ಫಿನಾಯಿಲ್ ವಾಸನೆ ಬಂದರೆ ಶುದ್ಧವಾಯಿತು ಅನ್ನುವ ನಂಬಿಕೆಯನ್ನೂ ಬಿಡಿ.

ಜೋಡಿಸುವ ಫೋಮ್ ಮ್ಯಾಟ್ ಇದ್ದರೆ ಬಿಚ್ಚಿ. ಅವತ್ತು ನಾನು ಮೇಲ್ಭಾಗ ಮಾತ್ರ ಒರೆಸಿದ್ದೆ. ವಾರ ಕಳೆದು ಬಿಚ್ಚಿದಾಗ ಹಲ್ಲು ಹಲ್ಲಾಗಿ ಸೇರುವ ಆ ಅಂಚಿನಲ್ಲಿ ಒಣಗಿದ ಕ್ಯಾರೆಟ್ ಚೂರು ಅಂಟಿಕೊಂಡಿತ್ತು. ಆ ಮ್ಯಾಟ್ ಎಸೆದೆ. ಈಗ ಒಂದೇ ಹಾಳೆಯ ದಪ್ಪ ರೆಕ್ಸಿನ್.

ಮಗುವಿನ ಬಟ್ಟೆಯನ್ನು ನಮ್ಮ ಸಿಂಕಿನಲ್ಲಿ ಜಾಲಿಸಬೇಡಿ. ಗಟ್ಟಿ ಇದ್ದದ್ದನ್ನು ಕಮೋಡಿಗೆ ಕೊಡವಿ, ಎರಡು ಕವರಿನಲ್ಲಿ ಕಟ್ಟಿ ಮನೆಗೆ ಕಳಿಸಿ, ಬಿಸಿನೀರಿನಲ್ಲಿ ಒಗೆಯಲು ಹೇಳಿ. ಡೈಪರನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕಸದ ಗಾಡಿಗೆ ಬೇರೆಯಾಗಿ ಕೊಡಿ, ಕಸ ವಿಂಗಡಿಸುವವರೂ ಬರಿಗೈಯಲ್ಲಿ ಮುಟ್ಟಬಾರದಲ್ವಾ. ಕೆಲಸದವರು ಇಲ್ಲಿಂದ ಇನ್ನೂ ನಾಲ್ಕು ಮನೆಗೆ ಹೋಗುತ್ತಾರೆ. ಅವರಿಗೂ ಗ್ಲೌಸ್ ಕೊಡಿ, ವಿಷಯ ಹೇಳಿ.

ಹಂತ 8: ಮರಳಿ ಯಾವಾಗ?

ಕೊನೆಯ ವಾಂತಿ ಅಥವಾ ಭೇದಿ ಆಗಿ 48 ಗಂಟೆ ಪೂರ್ತಿಯಾದ ಮೇಲೆ. ಸೋಮವಾರ ಸಂಜೆ ಆರಕ್ಕೆ ಕೊನೆಯದು ಆದರೆ ಗುರುವಾರ ಬೆಳಿಗ್ಗೆ. "ಬೆಳಿಗ್ಗೆಯಿಂದ ಒಂದೂ ಆಗಿಲ್ಲ" ಅನ್ನುವುದು ಸಾಲದು. ಈ ನಿಯಮ ಸೇರಿಸಿಕೊಳ್ಳುವ ದಿನದ ಕಾಗದದಲ್ಲೇ ಇರಲಿ. ಗುಣವಾದ ಮೇಲೂ ಎರಡು ವಾರ ಅಥವಾ ಜಾಸ್ತಿ ದಿನ ಕಕ್ಕದಲ್ಲಿ ವೈರಸ್ ಹೋಗುತ್ತಿರಬಹುದು, ಹಾಗಾಗಿ ಡೈಪರ್ ಬದಲಿಸಿದ ಮೇಲಿನ ಕೈ ತೊಳೆತದಲ್ಲಿ ರಿಯಾಯಿತಿ ಇಲ್ಲ.

ಹಂತ 9: ಎರಡನೇ ಮಗುವಿಗೂ ಆದರೆ

ಗಡಿಯಾರ ನೋಡಿ. ಊಟವಾಗಿ ಕೆಲವೇ ಗಂಟೆಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಟ್ಟಿಗೆ ವಾಂತಿಯಾದರೆ ಊಟದ ಮೇಲೆ ಅನುಮಾನ. ಬೆಳಿಗ್ಗೆ ಮಾಡಿ ಮಧ್ಯಾಹ್ನದವರೆಗೆ ಹೊರಗೇ ಇಟ್ಟ ಅನ್ನ, ಚಿತ್ರಾನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಬ್ಬರಾದ ಮೇಲೆ ಒಂದೆರಡು ದಿನ ಬಿಟ್ಟು ಇನ್ನೊಬ್ಬರಿಗೆ ಬಂದರೆ ಅದು ಕೈಯಿಂದ ಕೈಗೆ ಹರಡುತ್ತಿರುವ ವೈರಸ್ ಇರಬಹುದು.

ನೀರನ್ನೂ ನೋಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಕಾದವರಿಗೆ ಗೊತ್ತು, ನಮ್ಮ ಮನೆಯ ನೀರಿನ ಸಂಪ್‌ಗೆ ಯಾವ ನೀರು ಬಂತು ಅಂತ ಯಾರೂ ಹೇಳುವುದಿಲ್ಲ. ಕ್ಯಾನ್ ನೀರನ್ನೂ ಸೇರಿಸಿ ಮಕ್ಕಳಿಗೆ ಕೊಡುವುದೆಲ್ಲ ಕುದಿಸಿಯೇ ಕೊಡಿ, ಗುಳುಗುಳು ಕುದಿ ಬಂದು ಒಂದು ನಿಮಿಷ ಕುದಿಯಲಿ. ಕಾವೇರಿ ನೀರು ಚರಂಡಿ ವಾಸನೆ ಹೊಡೆದರೆ ಜಲಮಂಡಳಿಯ 1916ಕ್ಕೆ ಹೇಳಿ. ಕೆಲವು ಮಕ್ಕಳಿಗೆ ಒಟ್ಟಿಗೆ ಬಂದರೆ ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ.

ಇಷ್ಟೆಲ್ಲ ಮಾಡಿಯೂ ನಿಮಗೇ ಬಂದರೆ ಡೇಕೇರ್ ಮುಚ್ಚಿ. 48 ಗಂಟೆಯ ನಿಯಮ ನಮಗೂ ಒಂದೇ. ಆ ವಾರ ನಾನು ಒಂದು ದಿನ ಹೇಗೋ ಎದ್ದು ಕೂತು ನಡೆಸಿದೆ, ಮಾರನೇ ದಿನ ಐದನೇ ಮಗುವಿಗೆ ಶುರುವಾಯಿತು. ಈಗ ಮಗುವಿಗೆ ಹುಷಾರಿಲ್ಲದೆ ಮನೆಯಲ್ಲಿ ಉಳಿದ ದಿನಕ್ಕೆ ಫೀಸ್ ಕಡಿತ ಇಲ್ಲ, ನಾನು ಮುಚ್ಚಿದ ದಿನಕ್ಕೆ ಇದೆ. ಅದನ್ನೂ ಅದೇ ಕಾಗದದಲ್ಲಿ ಬರೆದಿಟ್ಟಿದ್ದೇನೆ.